ಚಪ್ಪಲಿ ಮೆಟ್ಟಬಾರದ ಕಣ

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕುದಿಸಿದ ಭತ್ತ ಒಣಗಿಸುವುದು ನಮ್ಮ ಹೆಂಗಸರ ಕೆಲಸ. ಕಾದ ಸಿಮೆಂಟಿನ ಕಣದ ಮೇಲೆ ಬರಿಗಾಲಲ್ಲಿ ನಡೆಯುತ್ತ ಪಾದದಿಂದಲೇ ಕಾಳು ಹೊರಳಿಸಬೇಕು. ಚಪ್ಪಲಿ ಮೆಟ್ಟಿದರೆ ಕಾಳು ಒಡೆಯುತ್ತದಂತೆ. ಈ ಸಲದ ಬಜೆಟ್ ದಿನ ಮಾಲೀಕ ಕೂಲರ್ ಮುಂದೆ ಕೂತು ಟಿವಿ ನೋಡುತ್ತಿದ್ದ. ಕೂಲಿ ಹೆಚ್ಚಿಸಬೇಕೆಂದು ಕೇಳಲು ನಾವೆಲ್ಲ ಆಫೀಸಿನ ಬಾಗಿಲಲ್ಲಿ ನಿಂತೆವು.

“ಸರಕಾರ ಪುಕ್ಕಟೆ ಅಕ್ಕಿ ಕೊಡತೈತಿ, ತಿಂಗಳಾ ರೊಕ್ಕಾನೂ ಹಾಕತೈತಿ. ಮತ್ತ ಕೂಲಿ ಯಾಕ ಹೆಚ್ಚು ಮಾಡಬೇಕು?” ಎಂದ.

ಬಜೆಟ್ಟಿನಲ್ಲಿ ನಮಗೆಂದು ಇಟ್ಟದ್ದನ್ನು ಇವನು ನಮ್ಮ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ.

“ಹಂಗಾದ್ರ ನಮಗ ಕೂಲಿ ಕೊಡೂದು ಸರಕಾರ ಆತಲ್ರಿ. ನಿಮ್ಮ ಭತ್ತಾನೂ ಅದ ಬಂದು ಹೊರಳಸ್ಲಿ” ಎಂದೆ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಕಣದ ಅಂಚು ಹಿಡಿಯದೆ, ಹರವಿದ ಭತ್ತದ ಮೇಲೇ ನಡೆದು ಗೇಟು ದಾಟಿದೆ.