ಏಳನೇ ಹೋಲಿನ ಎದುರಿನ ಗುಡ್ಡ

ಗಾಲ್ಫ್ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಒಂದು ಸಣ್ಣ ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆಯುವುದು, ಆಮೇಲೆ ತಾವೇ ಅದನ್ನು ಹುಡುಕಿಕೊಂಡು ಹೋಗುವುದು, ಸಿಕ್ಕಿದರೆ ಮತ್ತೆ ಹೊಡೆಯುವುದು. ಬೇರೆ ಕೆಲಸವಿಲ್ಲದವರು ಬೇಕಾದರೆ ಮಾಡಲಿ, ನನ್ನ ಗಂಡ ಯಾಕೆ ಮಾಡಬೇಕು ಎಂದು ಮದುವೆಯಾದ ಲಾಗಾಯ್ತು ಕೇಳುತ್ತ ಬಂದಿದ್ದೇನೆ. ಅವರು ನಗುತ್ತಾರೆ, ಅಷ್ಟೆ.

ನಾವಿಬ್ಬರೂ ಗಲ್ಫಿನಲ್ಲಿ ದುಡಿದವರು. ನಾನು ಆಸ್ಪತ್ರೆಯಲ್ಲಿ ನರ್ಸ್, ಅವರು ಒಂದು ಎಣ್ಣೆ ಕಂಪನಿಯ ಉಗ್ರಾಣದಲ್ಲಿ. ಕಂಪನಿಯವರಿಗೆ ಒಂದು ಗಾಲ್ಫ್ ಮೈದಾನವಿತ್ತು. ಮೈದಾನ ಎಂದರೆ ಬರೀ ಮರಳು, ಮದ್ದಿಗೆ ಬೇಕೆಂದರೂ ಒಂದು ಎಸಳು ಹುಲ್ಲು ಸಿಗದು. ಆಡುವವರೆಲ್ಲ ಕಾಲೊರಸಿನಷ್ಟು ದೊಡ್ಡದಾದ ಪ್ಲಾಸ್ಟಿಕ್ ಹುಲ್ಲಿನ ಚಾಪೆಯೊಂದನ್ನು ಕಂಕುಳಲ್ಲಿ ಹಿಡಿದುಕೊಂಡು ನಡೆಯುತ್ತಿದ್ದರು. ಚೆಂಡು ಬಿದ್ದಲ್ಲಿ ಚಾಪೆ ಹಾಸಬೇಕು, ಅದರ ಮೇಲೆ ಚೆಂಡಿಟ್ಟು ಹೊಡೆಯಬೇಕು, ಮತ್ತೆ ಚಾಪೆ ಎತ್ತಿಕೊಂಡು ಮುಂದೆ ಹೋಗಬೇಕು. ಇಪ್ಪತ್ತೆಂಟು ವರ್ಷ, ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲು, ಅವರು ಇದನ್ನು ಮಾಡಿದರು. ಊರಿಗೆ ವಾಪಸು ಬರುವಾಗ ಪೆಟ್ಟಿಗೆಯ ತೂಕ ಹೆಚ್ಚಾಯಿತೆಂದು ನನ್ನ ಒಳ್ಳೆಯ ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟರು. ಚಾಪೆ ಮಾತ್ರ ಬಂತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಂಗಳೂರಿನ ಕುಲಶೇಖರದ ನಮ್ಮ ಮನೆಯ ತಾರಸಿಯ ಮೇಲೆ ಆ ಚಾಪೆ ಹಾಸಿ, ಒಂದು ಬಲೆ ಕಟ್ಟಿ, ದಿನಾ ಅರ್ಧ ಗಂಟೆ ಹೊಡೆಯುತ್ತಿದ್ದರು. ಉಳಿದ ಹೊತ್ತು ಫೋನಿನಲ್ಲಿ ಗುಡ್ಡದ ಮೇಲಿನ ಗಾಲ್ಫ್ ಕೋರ್ಸುಗಳ ವಿಡಿಯೋ. ಗುಲ್ಮಾರ್ಗದಲ್ಲಿ ಹಿಮ ಕರಗಿದ ಮೇಲೆ ಹುಲ್ಲಿನ ಬಣ್ಣ ಹೇಗಿರುತ್ತದೆ, ಶಿಲ್ಲಾಂಗಿನಲ್ಲಿ ಪೈನ್ ಮರಗಳ ನಡುವೆ ಚೆಂಡು ಹೇಗೆ ಕಳೆದುಹೋಗುತ್ತದೆ, ಕೊಡೈಕೆನಾಲಿನಲ್ಲಿ ಕಾಡುಕೋಣ ಮೈದಾನದ ಮಧ್ಯೆ ಬಂದು ನಿಂತರೆ ಆಟ ಹೇಗೆ ನಿಲ್ಲಿಸಬೇಕು, ಎಲ್ಲ ಅವರಿಗೆ ಗೊತ್ತು. ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತವರಿಗೆ, ಗಾಲ್ಫ್ ಕೋಲನ್ನು ಕಂಡೇ ಇಲ್ಲದವರಿಗೂ, ಎಲ್ಲೆಲ್ಲಿ ಹೋಗಬೇಕು, ಯಾವ ತಿಂಗಳು ಹೋಗಬೇಕು ಎಂದು ಹೇಳುತ್ತಿದ್ದರು. ಎಲ್ಲಕ್ಕಿಂತ ಇಷ್ಟ ನೀಲಗಿರಿಯ ಒಂದು ಕೋರ್ಸ್. ಅದರ ಏಳನೇ ಹೋಲಿನಲ್ಲಿ, ಅಂದರೆ ಚೆಂಡು ಬೀಳಿಸಬೇಕಾದ ಏಳನೇ ಕುಳಿಯ ಸರದಿಯಲ್ಲಿ, ಚೆಂಡು ಹೊಡೆಯುವ ಜಾಗ ಎತ್ತರದಲ್ಲಿದೆಯಂತೆ, ಕೆಳಗೆ ಚಹಾ ತೋಟ, ಎದುರಿಗೆ ಒಂದರ ಹಿಂದೊಂದು ಮೂರು ಮಡಿಕೆಯಾಗಿ ನಿಂತ ಗುಡ್ಡ. ಆ ಗುಡ್ಡ ನೋಡಿಕೊಂಡು ಒಂದು ಸಲ ಹೊಡೆದರೆ ಸಾಕು ಎನ್ನುತ್ತಿದ್ದರು.

ಇಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂತು. ಎಡಗಣ್ಣು ಎರಡು ವರ್ಷಗಳ ಹಿಂದೆಯೇ ಹೋಗಿತ್ತು. ಬಲಗಣ್ಣಿಗೆ ಇಂಜೆಕ್ಷನ್ ಕೊಡಿಸಿ ಕೊಡಿಸಿ ಹೇಗೋ ಉಳಿಸಿಕೊಂಡಿದ್ದೆವು. ಈ ಬೇಸಿಗೆಯಲ್ಲಿ ಡಾಕ್ಟರು, ಒಳಗಿನ ಪರದೆ ಎಳೆದುಕೊಳ್ಳುತ್ತಿದೆ, ಆಪರೇಷನ್ ಆಗಲೇಬೇಕು ಎಂದರು. ಆಪರೇಷನ್ ಮಾಡಿ ಕಣ್ಣಿನೊಳಗೆ ಗ್ಯಾಸ್ ತುಂಬುತ್ತಾರೆ, ಅದು ಕರಗುವವರೆಗೆ ಘಾಟಿ ಹತ್ತುವಂತಿಲ್ಲ, ಎತ್ತರಕ್ಕೆ ಹೋದರೆ ಗ್ಯಾಸ್ ಹಿಗ್ಗಿ ಕಣ್ಣೇ ಹೋಗುತ್ತದೆ. ಅದು ಕರಗುವಾಗ ಮಳೆಗಾಲ. ಮಳೆ ಬಿಡುವಾಗ ಎಷ್ಟು ಕಾಣುತ್ತದೆಂದು ಡಾಕ್ಟರೂ ಹೇಳಲಾರರು. ನನ್ನ ಗಂಡ ಎಲ್ಲ ಕೇಳಿ, "ಹಾಗಾದ್ರೆ ಮೂರು ವಾರ ಬಿಟ್ಟು ಮಾಡುವ ಡಾಕ್ಟ್ರೇ" ಎಂದರು.

"ನಾನಾದ್ರೆ ಕಾಯುದಿಲ್ಲ" ಎಂದ ಡಾಕ್ಟರು ನನ್ನ ಮುಖ ನೋಡಿದರು. "ನೀವು ನರ್ಸ್ ಅಲ್ವಾ? ನಿಮಗೆ ಗೊತ್ತುಂಟಲ್ಲ. ಹೊಗೆ ಹೊಗೆ ಕಂಡ್ರೆ, ಕಪ್ಪು ದಾರ ಓಡಾಡಿದ ಹಾಗೆ ಕಂಡ್ರೆ ಅದೇ ದಿನ ಬರ್ಬೇಕು."

ನಾನು ಅಲ್ಲಿಯೇ ಆಗುವುದಿಲ್ಲ ಎನ್ನಬಹುದಿತ್ತು. ಹೇಳುವ ಹಕ್ಕೂ ಇತ್ತು, ಬಾಯಿಯೂ ಇತ್ತು. ಹೊರಗೆ ಬಂದು ಕೊಡಿಯಾಲ್‌ಬೈಲಿನ ಟ್ರಾಫಿಕ್ಕಿನಲ್ಲಿ ರಿಕ್ಷಾ ಕಾಯುತ್ತ ನಿಂತಾಗ ಅವರು ನನ್ನ ಕೈ ಹಿಡಿದುಕೊಂಡರು. "ಮೂರು ವಾರದಲ್ಲಿ ಎಂತ ಆಗ್ಲಿಕ್ಕುಂಟು ಮಾರಾಯ್ತಿ? ಗುಡ್ಡ ನೋಡಿ ಬಂದು ಮಲಗಿಕೊಳ್ತೇನೆ. ಆಮೇಲೆ ನೀನು ಹೇಳಿದ ಹಾಗೆ."

ಮರಳಿನಲ್ಲಿ ಸುಟ್ಟುಕೊಂಡ ಮನುಷ್ಯ, ಒಂದು ಸಲ ಹಸಿರು ನೋಡಲಿ ಎನಿಸಿತು. ಒಪ್ಪಿದೆ. ಆದರೆ ನರ್ಸ್ ಬುದ್ಧಿ ಬಿಡಲಿಲ್ಲ. ಅದೇ ರಸ್ತೆಯ ಪ್ರಿಂಟಿನ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಇಂಗ್ಲಿಷ್ ಅಕ್ಷರಗಳ ಚಾರ್ಟ್ ಒಂದು ತೆಗೆಸಿಕೊಂಡು ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ದಿನಾ ಬೆಳಿಗ್ಗೆ ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಓದಿಸುವುದು. ಒಂದು ಅಕ್ಷರ ತಪ್ಪಿದರೂ ಪ್ರವಾಸ ಕ್ಯಾನ್ಸಲ್, ಮಾತಿಲ್ಲ, ಕಥೆಯಿಲ್ಲ. ಅವರು ಅದಕ್ಕೆ ಒಪ್ಪಿದರು. ದಿನಾ ಮೇಲಿನಿಂದ ಐದನೇ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಓದಿದರು. ನಾನು "ಸರಿ ಉಂಟು" ಎಂದು ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದೆ.

ಆ ದಿನಗಳಲ್ಲಿ ಅವರು ಒಮ್ಮೆ ನೀರಿನ ಲೋಟ ಉರುಳಿಸಿದರು. ಬಂದರ್‌ನಿಂದ ತಂದ ಬಂಗುಡೆ ಮೀನಿನ ಸಾರು ಅಂಗಿಯ ಮೇಲೆ ಚೆಲ್ಲಿಕೊಂಡರು. ಮನಸ್ಸು ಆಗಲೇ ಗುಡ್ಡ ಹತ್ತಿದೆ, ಕೈಯಲ್ಲಿ ಗಮನವಿಲ್ಲ ಎಂದು ನಾನು ಬೈದೆ. ಚಾರ್ಟ್ ಸರಿಯಾಗಿ ಓದುವ ಮನುಷ್ಯನ ಬಗ್ಗೆ ಬೇರೆ ಎಂತ ಯೋಚಿಸಲಿ?

ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಮೊದಲು ಕೊಡಗು. ಕಾಫಿ ತೋಟಗಳ ನಡುವೆ ಏರಿ ಇಳಿಯುವ ಒಂಬತ್ತು ಹೋಲಿನ ಸಣ್ಣ ಕೋರ್ಸ್. ಸುತ್ತ ಸಿಲ್ವರ್ ಮರಗಳು, ಮಳೆ ಬಿದ್ದು ತೊಳೆದಿಟ್ಟ ಹುಲ್ಲು. ಗಾಲ್ಫ್ ಎಂದರೆ ಸಿಡುಕುವ ನನಗೂ ಚಪ್ಪಲಿ ಕಳಚಿ ನಡೆಯಬೇಕೆನಿಸಿತು. ಅಂಥ ಹುಲ್ಲಿನ ಮೇಲೆ ಈ ಮಹಾನುಭಾವರು ಗಲ್ಫಿನ ಪ್ಲಾಸ್ಟಿಕ್ ಚಾಪೆ ಹಾಸಿ ಅದರ ಮೇಲೆ ಚೆಂಡಿಟ್ಟರು. ಪಕ್ಕದಲ್ಲಿ ಆಡುತ್ತಿದ್ದವರು ನಕ್ಕರು. ನನಗೆ ನಾಚಿಕೆಯಾಗಿ ಹೋಯಿತು.

"ಇಲ್ಲಿ ದೇವರು ಕೊಟ್ಟ ಹುಲ್ಲೇ ಉಂಟಲ್ಲ. ಮರ್ಯಾದೆ ತೆಗಿಬೇಡಿ, ಚಾಪೆ ಮಡಚಿ" ಎಂದೆ.

"ಅಭ್ಯಾಸ ಮಾರಾಯ್ತಿ. ಇದಿಲ್ಲದಿದ್ರೆ ಕೈ ಬರುದಿಲ್ಲ."

ಚಾಪೆಯ ಅಂಚನ್ನು ಬೂಟಿನ ತುದಿಯಿಂದ ತಡವಿ, ಸರಿಯಾಗಿ ನಿಂತು, ಹೊಡೆದರು. ಎರಡು ಸಲ ಗಾಳಿಗೆ ಹೊಡೆದರು. ಚೆಂಡು ಎಲ್ಲಿ ಬಿತ್ತೆಂದು ಪ್ರತಿ ಸಲ ನನ್ನನ್ನೇ ಕೇಳಿದರು. ಎಲ್ಲ ಕೆಲಸಕ್ಕೂ ಹೆಂಡತಿಯೇ ಬೇಕು ಎಂದು ಗೊಣಗಿಕೊಂಡೇ ನಾನು ತೋರಿಸಿದೆ.

ಎರಡು ದಿನ ಬಿಟ್ಟು ನೀಲಗಿರಿ. ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಹೋದಾಗ ತೆಳ್ಳಗೆ ಮಂಜಿತ್ತು. ಗಾಲ್ಫ್ ಚೀಲ ಹೊರಲು ಬಂದ ಕ್ಯಾಡಿ ಸುಮಾರು ಐವತ್ತೈದರ ಮನುಷ್ಯ. ಉಣ್ಣೆಯ ಟೊಪ್ಪಿ, ಮಿತ ಮಾತು. ಅಲ್ಲಿಯವರೇ, ಆದರೆ ಅವರ ಮಾತು ನಮಗೆ ಅರ್ಥವಾಗುವಷ್ಟು ಕನ್ನಡಕ್ಕೆ ಹತ್ತಿರವಿತ್ತು. ಚಾಪೆ ನೋಡಿ ಅವರು ನಗಲಿಲ್ಲ. "ಇರಲಿ ಅಮ್ಮ, ಹುಲ್ಲು ಹಾಳಾಗೋದಿಲ್ಲ" ಎಂದರು. ಎರಡನೇ ಹೋಲಿನಿಂದ ಅವರೇ ಚಾಪೆ ಹಾಸಿ, ಅದರ ಅಂಚನ್ನು ಗುರಿಯ ಕಡೆಗೆ ತಿರುಗಿಸಿ ಇಡತೊಡಗಿದರು. ನಾನದನ್ನು ಕ್ಯಾಡಿಗಳ ಮರ್ಯಾದೆ ಎಂದುಕೊಂಡೆ.

ಏಳನೇ ಹೋಲಿಗೆ ಹತ್ತುವಾಗ ಮಂಜು ದಟ್ಟವಾಯಿತು. ಮೇಲೆ ಹೋಗಿ ನಿಂತರೆ ಇಪ್ಪತ್ತು ಹೆಜ್ಜೆ ಆಚೆ ಹುಲ್ಲೇ ಮುಗಿದುಹೋಗಿತ್ತು. ಚಹಾ ತೋಟವಿಲ್ಲ, ಕಣಿವೆಯಿಲ್ಲ, ಎಲ್ಲ ಬಿಳಿ. ನನಗೆ ಅಳು ಬಂದಂತಾಯಿತು. ಇಷ್ಟು ದೂರ ಬಂದು, ಡಾಕ್ಟರ ಮಾತು ಮೀರಿ ಬಂದು, ಇವತ್ತೇ ಹೀಗಾಗಬೇಕೇ? ಸ್ವಲ್ಪ ಕಾಯೋಣ, ಬಿಸಿಲು ಬರಬಹುದು ಎಂದು ಸಮಾಧಾನ ಹೇಳಲು ಅವರ ಕಡೆ ತಿರುಗಿದೆ.

ಅವರು ಚಾಪೆಯ ಮೇಲೆ ನಿಂತು, ಮುಖ ಎತ್ತಿ, ನಗುತ್ತಿದ್ದರು.

"ನೋಡು, ನಾನು ಹೇಳ್ಲಿಲ್ವಾ? ಮೂರು ಮಡಿಕೆ. ವಿಡಿಯೋದಲ್ಲಿ ಇದ್ದ ಹಾಗೆಯೇ ಉಂಟು. ಎಷ್ಟು ಚಂದ ಅಲ್ವಾ?"

ಕ್ಯಾಡಿ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕಾಲಿನ ಕಡೆ ನೋಡಿದರು. ಅವರಿಗೆ ಎರಡನೇ ಹೋಲಿನಲ್ಲೇ ಗೊತ್ತಾಗಿತ್ತು. ನಾನು ಗಂಡನ ಹತ್ತಿರ ಹೋಗಿ ಮುಖದ ಮುಂದೆ ಮೂರು ಬೆರಳು ಹಿಡಿದೆ. ಅವರು ನಗುತ್ತಲೇ ಇದ್ದರು. ಬೆರಳುಗಳು ಅಲ್ಲಿರುವುದೇ ಅವರಿಗೆ ಗೊತ್ತಿರಲಿಲ್ಲ.

"ಇಲ್ಲಿ ಗುಡ್ಡ ಇಲ್ಲ" ಎಂದೆ. "ಮಂಜು ಮುಚ್ಚಿದೆ. ಎಂತದೂ ಕಾಣುದಿಲ್ಲ."

ಅವರ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಹೌದಾ?" ಎಂದರು. "ನನಗೆ ದಿನಾ ಹೀಗೆಯೇ. ಗೊತ್ತಾಗ್ಲಿಲ್ಲ."

"ಎಷ್ಟು ದಿನ ಆಯ್ತು?"

"ಹದಿನೇಳು."

ಹದಿನೇಳು ದಿನ. ಡಾಕ್ಟರ ಹತ್ತಿರ ಮೂರು ವಾರ ಕೇಳಿ ಬಂದ ನಾಲ್ಕನೇ ದಿನವೇ ಕಣ್ಣಿನೊಳಗೆ ರಕ್ತನಾಳ ಒಡೆದಿದೆ. ಮೊದಲು ಹೊಗೆ, ಆಮೇಲೆ ಕಪ್ಪು ದಾರ, ಆಮೇಲೆ ಬರೀ ಬೆಳಕು. ಡಾಕ್ಟರು ಹೇಳಿದ್ದ ಒಂದೊಂದೂ ಸಾಲಾಗಿ ಬಂದಿದೆ. ಈ ಮನುಷ್ಯ ಬಾಯಿ ಬಿಟ್ಟಿಲ್ಲ.

"ಮತ್ತೆ ಚಾರ್ಟ್?"

"ಅದು ಬಾಯಿಪಾಠ. ನೀನು ಒಂದು ದಿನವೂ ಬದಲಿಸ್ಲಿಲ್ಲ ಅಲ್ವಾ?"

ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಅದೇ ಹಾಳೆ, ಅದೇ ಅಕ್ಷರ, ಅದೇ ಕುರ್ಚಿ. ವಾರ್ಡಿನಲ್ಲಿ ಹೊಸ ಹುಡುಗಿ ಯಾರಾದರೂ ಹೀಗೆ ಮಾಡಿದ್ದರೆ ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದೆ. ಆ ಸಿಟ್ಟನ್ನೆಲ್ಲ ಅವರ ಮೇಲೆ ಹಾಕಿದೆ. ಸುಳ್ಳ, ಹುಚ್ಚ, ನಿಮ್ಮ ಗುಡ್ಡಕ್ಕೆ ಬೆಂಕಿ ಬೀಳಲಿ ಎಂದೆ. ನನ್ನನ್ನು ಕುರುಡನ ಹೆಂಡತಿ ಮಾಡುವುದಕ್ಕೆ ನಿಮಗೆ ಯಾರು ಅಧಿಕಾರ ಕೊಟ್ಟದ್ದು ಎಂದೆ. ಅವರು ಕೋಲು ಊರಿಕೊಂಡು ನಿಂತು ಎಲ್ಲ ಕೇಳಿಸಿಕೊಂಡರು.

"ಮೊದಲ ದಿನವೇ ಹೇಳಿದ್ರೆ ನೀನು ಕರ್ಕೊಂಡು ಬರ್ತಿರ್ಲಿಲ್ಲ" ಎಂದರು. "ಇವತ್ತು ಕಮ್ಮಿಯಾದೀತು, ನಾಳೆ ಕಮ್ಮಿಯಾದೀತು ಅಂತ ಇದ್ದೆ. ಇಲ್ಲಿಯವರೆಗೂ ಹಾಗೆಯೇ ಇದ್ದೆ."

ಈಗಿಂದೀಗಲೇ ಹೊರಡಬೇಕು ಎಂದು ನಾನು ಅವರ ತೋಳು ಹಿಡಿದೆಳೆದೆ. ಅವರು ಅಲುಗಲಿಲ್ಲ. "ಇದೊಂದು ಹೊಡಿತೇನೆ. ಗುಡ್ಡ ಯಾವ ಕಡೆ ಅಂತ ಮಾತ್ರ ಹೇಳು."

ನನಗೇನು ಗೊತ್ತು? ಕ್ಯಾಡಿ ಮಂಜಿನ ಕಡೆಗೆ ಕೈ ತೋರಿಸಿದರು. ನಾನು ಗಂಡನ ಹಿಂದೆ ಹೋಗಿ ಎರಡೂ ಭುಜ ಹಿಡಿದು, ಆ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಗಾಲ್ಫಿಗೆ ನಾನು ಮಾಡಿದ ಸಹಾಯ ಜನ್ಮದಲ್ಲಿ ಅದೊಂದೇ. ಅವರು ಬೂಟಿನಿಂದ ಅಂಚು ತಡವಿ, ಕೋಲಿನಿಂದ ಚೆಂಡನ್ನು ಒಮ್ಮೆ ಮುಟ್ಟಿ, ಹೊಡೆದರು. ಟಕ್ಕೆಂದು ಶುದ್ಧವಾದ ಶಬ್ದ ಬಂತು. ಚೆಂಡು ಹಾರಿತು, ಕೂಡಲೇ ಬಿಳಿಯೊಳಗೆ ಹೋಯಿತು.

"ಎಲ್ಲಿ ಬಿತ್ತು?" ಎಂದು ಕೇಳಿದರು.

"ನೇರ ಹೋಯ್ತು ಸಾರ್" ಎಂದರು ಕ್ಯಾಡಿ. ಅದು ಎಲ್ಲಿ ಬಿತ್ತೆಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾರು ಹತ್ತಿ ಅರ್ಧ ಗಂಟೆಯಲ್ಲಿ ಮಂಜು ಹರಿಯಿತು. ಘಾಟಿಯ ಎರಡೂ ಬದಿಯಲ್ಲಿ ಗುಡ್ಡಗಳು ಒಂದರ ಹಿಂದೆ ಒಂದು ಎದ್ದು ನಿಂತವು, ನೀಲಿ, ಹಸಿರು, ಅಂಥದ್ದನ್ನು ನಾನು ಕಂಡಿರಲಿಲ್ಲ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ನನ್ನ ಮಡಿಲಿನ ಚಾಪೆಯನ್ನು ನೋಡುತ್ತ ಕೂತೆ.

"ಬಿಸಿಲು ಬಂತಾ?" ಎಂದು ಕೇಳಿದರು.

"ಬಂತು" ಎಂದೆ.

ಸಂಜೆ ಮಂಗಳೂರು ಮುಟ್ಟಿದ ಕೂಡಲೇ ಡಾಕ್ಟರು ನೋಡಿದರು. "ಮೊದಲೇ ಬಂದಿದ್ರೆ" ಎಂದು ಶುರುಮಾಡಿ, ನನ್ನನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದರು. ಮರುದಿನವೇ ಆಪರೇಷನ್ ಮಾಡಿ ಗ್ಯಾಸ್ ತುಂಬಿದರು. ಎರಡು ವಾರ ಹಗಲೂ ರಾತ್ರಿ ಕವುಚಿ ಮಲಗಬೇಕು. ಗ್ಯಾಸ್ ಪೂರ್ತಿ ಕರಗಲಿ, ಆಮೇಲೆ ಎಷ್ಟು ಉಳಿದಿದೆ ನೋಡುವ ಎಂದರು. ಆ 'ನೋಡುವ' ಎಂಬ ಮಾತನ್ನು ಹಿಡಿದುಕೊಂಡು ನಾನು ಬದುಕಿದೆ. ಅವರ ಬೆನ್ನು ಒತ್ತಿದೆ, ಮುಖ ಎತ್ತದ ಹಾಗೆ ಕೆಳಗಿನಿಂದ ಸ್ಟ್ರಾ ಹಾಕಿ ಗಂಜಿ ತೆಳಿ ಕುಡಿಸಿದೆ, ಜಪಸರ ಹಿಡಿದು ಬೇಡಿದೆ, ನಡುನಡುವೆ ಬೈದೆ. ಒಂದು ಸಾಲು ಬೇಡ, ಒಂದು ಅಕ್ಷರ ಕಾಣಲಿ ದೇವರೇ ಎಂದು ಚೌಕಾಸಿಗಿಳಿದೆ.

ಮಳೆಗಾಲ ಶುರುವಾಗಿ ಗ್ಯಾಸ್ ಕರಗಿತು. ನಾಳೆ ಡಾಕ್ಟರ ಹತ್ತಿರ ಹೋಗಬೇಕು ಎಂಬ ದಿನ ನನಗೆ ತಡೆಯಲಾಗಲಿಲ್ಲ. ಹಳೆಯ ಚಾರ್ಟ್ ಕಿತ್ತು ಡ್ರಾಯರಿಗೆ ಹಾಕಿದೆ. ಕೊಡಿಯಾಲ್‌ಬೈಲಿನ ಅದೇ ಅಂಗಡಿಗೆ ಕೊಡೆ ಹಿಡಿದು ಹೋಗಿ ಹೊಸತು ತೆಗೆಸಿದೆ. ಈ ಸಲ ಒಂದೇ ಅಕ್ಷರ, ಊಟದ ತಟ್ಟೆಯಷ್ಟು ದೊಡ್ಡದು, ಕಪ್ಪಗೆ. ಅದನ್ನು ಫ್ರಿಜ್ಜಿಗೆ ಅಂಟಿಸಿ, ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಎರಡು ಹೆಜ್ಜೆ ಹತ್ತಿರಕ್ಕೆ ಎಳೆದೆ.

"ಇದು ಹೊಸ ಚಾರ್ಟ್" ಎಂದೆ. "ಓದಿ."

ಅವರು ಮುಖವನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿದರು. ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು.

"ಹಳೆಯದ್ದೇ ಹಾಕು ಮಾರಾಯ್ತಿ" ಎಂದರು. "ಅದಾದ್ರೆ ನನಗೆ ಬರ್ತದೆ."

ಡ್ರಾಯರಿನಿಂದ ಹಳೆಯ ಚಾರ್ಟ್ ತೆಗೆದು ಅಂಟಿಸಿದೆ. ಅವರು ಮೇಲಿನಿಂದ ಐದನೇ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಓದಿದರು. ನಾನು "ಸರಿ ಉಂಟು" ಎಂದು ಕಣ್ಣಿಗೆ ಡ್ರಾಪ್ಸ್ ಹಾಕಿದೆ.