ಮಹಾಂತಮ್ಮನವರ ಉದ್ದನೆಯ ಪೂಜೆ

ಭದ್ರಾವತಿಯ ಹಳೇನಗರದಲ್ಲಿ ಪರಮೇಶ್ವರಪ್ಪನವರ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸುವಾಗ ಎರಡು ಮಾತು ಸೇರಿಸುತ್ತಾರೆ. ಯಜಮಾನರಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಸ್ವಲ್ಪ ನೋಡಿಕೊಂಡು ಮಾತಾಡಿ ಎಂಬುದು ಒಂದು. ಅವರ ಮನೆಯಮ್ಮ ಮಹಾಂತಮ್ಮನಂಥ ತಾಳ್ಮೆಯ ಹೆಂಗಸು ಈ ಊರಲ್ಲಿ ಇನ್ನೊಬ್ಬರಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಜನ, ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಒಂದು ದಿನವಾದರೂ ಯೋಚಿಸಿದ್ದಾರೆಯೇ? ಅದನ್ನು ಯೋಚಿಸಲು ಅವರಿಗೆ ಪುರುಸೊತ್ತು ಎಲ್ಲಿ.

ಮಹಾಂತಮ್ಮನವರ ತಾಳ್ಮೆಗೆ ಜನ ಕೊಡುತ್ತಿದ್ದ ಸಾಕ್ಷಿ ಅವರ ಪೂಜೆ. ಲಿಂಗಾಯತರ ಮನೆಗಳಲ್ಲಿ ಬೆಳಿಗ್ಗೆ ಮಿಂದು ಬಂದು, ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂರುವುದು ಗಂಡಸರಿಗೂ ಹೆಂಗಸರಿಗೂ ಇರುವ ಪದ್ಧತಿ. ಲಿಂಗ ಅಂಗೈಯಲ್ಲಿರುವಷ್ಟು ಹೊತ್ತು ಆ ಮನೆಯಲ್ಲಿ ಅವರನ್ನು ಯಾರೂ ಕರೆಯುವಂತಿಲ್ಲ, ಕೆಲಸ ಹೇಳುವಂತಿಲ್ಲ, ದನಿ ಎತ್ತಿ ಗದರುವುದಂತೂ ದೂರದ ಮಾತು. ಬೇರೆಯವರು ಸ್ವಲ್ಪ ಹೊತ್ತಿನಲ್ಲಿ ಮುಗಿಸಿ ಏಳುತ್ತಿದ್ದ ಪೂಜೆಗೆ ಮಹಾಂತಮ್ಮ ಕೂತರೆಂದರೆ ಒಲೆಯ ಮೇಲಿನ ಬೇಳೆ ಬೆಂದು ಆರಿದರೂ ಏಳುತ್ತಿರಲಿಲ್ಲ. ಮಠದ ಕಾರ್ಯಕ್ರಮವೊಂದರಲ್ಲಿ ಅವರಿಗೆ ಶಾಲು ಹೊದಿಸಿ, ಸಂಸಾರದಲ್ಲಿದ್ದೂ ಶಿವಯೋಗಿ ಎಂದು ಹೊಗಳಿದ್ದರು. ಪರಮೇಶ್ವರಪ್ಪನವರು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು.

ನಿಜ ಏನೆಂದು ಮಹಾಂತಮ್ಮನಿಗೆ ಮಾತ್ರ ಗೊತ್ತಿತ್ತು. ಹೊನ್ನಾಳಿ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡ ರೊಟ್ಟಿ ದಪ್ಪವಾಯಿತೆಂದು ಊಟದ ತಟ್ಟೆಯನ್ನು ಗೋಡೆಗೆ ಬೀಸಿದ್ದರು. ತಟ್ಟೆ ಸುತ್ತು ಹಾಕುತ್ತಾ ಬಂದು ಮಹಾಂತಮ್ಮನ ಕಾಲ ಬಳಿಯೇ ಬಿದ್ದಿತ್ತು. ಅತ್ತೆ ಬಳಿ ಕರೆದು ಬುದ್ಧಿ ಹೇಳಿದರು.

"ಗಂಡಸರ ಸಿಟ್ಟು ಹಾಲು ಉಕ್ಕಿದ ಹಾಗೆ ಕಣಮ್ಮ. ಒಂಚೂರು ನೀರು ಚಿಮುಕಿಸಿದ್ರೆ ಇಳಿದುಹೋಗುತ್ತೆ."

ಉಕ್ಕುವುದು ಹಾಲಿನ ಹಕ್ಕು, ನೀರು ಚಿಮುಕಿಸುವುದು ಸೊಸೆಯ ಕೆಲಸ! ಒಲೆಯ ಉರಿ ಕಡಿಮೆ ಮಾಡೋಣ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮರುದಿನ ಪೂಜೆಗೆ ಕೂತಾಗ ಮಹಾಂತಮ್ಮನ ಕೈ ನಡುಗುತ್ತಿತ್ತು. ಲಿಂಗದ ಮೇಲೆ ಏರಿಸಿದ ಬಿಲ್ವಪತ್ರೆಯೂ ನಡುಗುತ್ತಿತ್ತು. ಯಾರೂ ಕರೆಯಲಿಲ್ಲ, ಯಾರೂ ಕೂಗಲಿಲ್ಲ. ಕೂತಿದ್ದಂತೆ ನಡುಕ ನಿಂತಿತು. ಇಡೀ ಮನೆಯಲ್ಲಿ ತನಗೆ ಸಿಕ್ಕುವ ಒಂದೇ ಜಾಗ ಇದು ಎಂದು ಆವತ್ತೇ ಅವರಿಗೆ ಗೊತ್ತಾಯಿತು. ಅಲ್ಲಿಂದ ಮುಂದೆ ತಟ್ಟೆ ಬೀಸಿದ ಮರುದಿನ ಪೂಜೆ ಉದ್ದ, ನೆಂಟರ ಮುಂದೆ ಹೀಯಾಳಿಸಿದ ಮರುದಿನ ಇನ್ನೂ ಉದ್ದ. ತವರಿನಲ್ಲಿ ತಾಯಿ ಹಾಸಿಗೆ ಹಿಡಿದಾಗ, ಇಲ್ಲಿ ಅಡುಗೆ ಮಾಡುವವರು ಯಾರು ಎಂದು ಗಂಡ ಕಳಿಸದೇ ಹೋದರಲ್ಲ, ಆ ವಾರವೆಲ್ಲ ಅವರು ಪೂಜೆಯಿಂದ ಎದ್ದದ್ದೇ ಕಡಿಮೆ. ನೋಡಿದವರು ಭಕ್ತಿ ಎಂದರು. ಶಿವನ ಮುಂದೆ ಕೂತು ತಟ್ಟೆಯನ್ನು ನೆನೆಯುತ್ತಿದ್ದೇನಲ್ಲ ಎಂದು ಅವರಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ನಾಚಬೇಕಾದವರು ಹಾಯಾಗಿ ಪೇಪರ್ ಓದುತ್ತಿದ್ದರು.

ಮೈ ಮಾತ್ರ ಎಷ್ಟು ದಿನ ಸುಮ್ಮನಿದ್ದೀತು? ಪರಮೇಶ್ವರಪ್ಪನವರು ಫೋರ್‌ಮನ್ ಆಗಿ ನಿವೃತ್ತರಾಗಿ ಹಗಲೆಲ್ಲ ಮನೆಯಲ್ಲೇ ಕೂರತೊಡಗಿದ ಮೇಲೆ ಮಹಾಂತಮ್ಮನಿಗೆ ಎದೆಯುರಿ ಶುರುವಾಯಿತು. ಗ್ಯಾಸ್ ಎಂದರು, ಪಿತ್ತ ಎಂದರು, ಹೊಟ್ಟೆಗೆ ಕೊಳವೆ ಇಳಿಸಿಯೂ ನೋಡಿದರು. ಏನೂ ಸಿಗದೆ ಹೋದಾಗ ಶಿವಮೊಗ್ಗದ ಡಾಕ್ಟರು ತಮ್ಮ ಕ್ಲಿನಿಕ್ಕಿನ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಸೌಂದರ್ಯ ಎಂಬ ಆಪ್ತ ಸಮಾಲೋಚಕಿ ಇದ್ದಳು, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ ಬಂದ ಹುಡುಗಿ.

"ನಿಮಗೆ ಸಿಟ್ಟು ಬರುತ್ತಾ ಅಮ್ಮ?"

"ನನಗಾ? ಇಲ್ಲಪ್ಪ. ಸಿಟ್ಟು ನಮ್ಮ ಯಜಮಾನ್ರಿಗೆ."

ಸೌಂದರ್ಯ ನಗಲಿಲ್ಲ. ಅವರು ಸಿಟ್ಟು ಮಾಡಿಕೊಂಡಾಗ ನೀವೇನು ಮಾಡುತ್ತೀರಿ ಎಂದು ಕೇಳಿದಳು. ಮಹಾಂತಮ್ಮ ಯಾರಿಗೂ ಹೇಳದ ಪೂಜೆಯ ಗುಟ್ಟನ್ನು ಮಗಳ ವಯಸ್ಸಿನ ಆ ಹುಡುಗಿಯ ಮುಂದೆ ಹೇಳಿಬಿಟ್ಟರು. ಬೈಯುತ್ತಾಳೇನೋ ಎಂದುಕೊಂಡಿದ್ದರು.

"ಒಳ್ಳೇದೇ ಮಾಡಿದೀರಿ. ಸಿಟ್ಟು ಬಂದ ಕೂಡ್ಲೇ ಮಾತಾಡ್ದೆ ಒಂದು ಕಡೆ ಕೂತು ಉಸಿರು ಸಮಾಧಾನ ಮಾಡ್ಕೊಳ್ಳಿ ಅಂತ್ಲೇ ನಾವೂ ಹೇಳೋದು. ಆದ್ರೆ ಪೂಜೆ ಮುಗಿಸಿ ಎದ್ದ ಮೇಲೆ ಅವರ ಹತ್ರ ಹೋಗಿ ಏನು ಹೇಳ್ತಿದ್ರಿ?"

"ಹೇಳೋದೇನು? ತಿಂಡಿ ಕೊಡ್ತಿದ್ದೆ."

"ಅಲ್ಲೇ ಅಮ್ಮ ನಿಂತುಹೋಗಿರೋದು. ಸಿಟ್ಟನ್ನ ತಣ್ಣಗೆ ಮಾಡ್ಕೊಳ್ಳೋದು ಸರಿಯಾಗಿ ಮಾತಾಡೋಕೆ, ಸುಮ್ಮನಾಗೋಕಲ್ಲ. ಮೊದಲು ನಿಮಗೆ ನೀವೇ ಹೇಳ್ಕೊಳ್ಳಿ, ನನಗೆ ಸಿಟ್ಟು ಬಂದಿದೆ, ಇಂಥದ್ದಕ್ಕೆ ಬಂದಿದೆ ಅಂತ. ಆಮೇಲೆ ಅವರಿಗೆ ಒಂದೇ ಮಾತು, ಕೂಗಾಡದೆ, ಅಳದೆ. ನೀವು ಹೀಗೆ ಮಾಡಿದ್ರಿ, ಇದು ಇನ್ನು ಆಗಬಾರದು ಅಂತ."

ವಾಪಸ್ಸು ಬರುವ ಬಸ್ಸಿನಲ್ಲಿ, ಇಂಜಿನ್ನಿನ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ, ನನಗೆ ಸಿಟ್ಟು ಬಂದಿದೆ ಎಂದು ಮಹಾಂತಮ್ಮ ಬಾಯಿಬಿಟ್ಟು ಹೇಳಿಕೊಂಡರು. ಪಕ್ಕದ ಸೀಟಿನ ಹೆಂಗಸು ತಿರುಗಿ, "ನಾನೇನ್ ಮಾಡ್ದೆ ಮಾರಾಯ್ತಿ?" ಎಂದಳು. ನಿಮ್ಮ ಮೇಲಲ್ಲಮ್ಮ ಎಂದು ಸಮಾಧಾನ ಮಾಡಬೇಕಾಯಿತು. ಮನೆಗೆ ಬಂದು ಗಂಡನ ಮುಂದೆ ನಿಂತಾಗ ಮಾತ್ರ ಆ ಒಂದು ಮಾತಿನ ಬದಲು, ಕಾಫಿ ಕೊಡಲಾ ಎಂದು ಕೇಳಿದರು. ನೀವೂ ಒಮ್ಮೆ ಬನ್ನಿ ಎಂದು ಸೌಂದರ್ಯ ಫೋನಿನಲ್ಲಿ ಕರೆದದ್ದಕ್ಕೆ ಪರಮೇಶ್ವರಪ್ಪನವರು, "ನನಗೇನು ಹುಚ್ಚಾ?" ಎಂದು ಫೋನು ಇಟ್ಟರು. ಇದನ್ನು ನೆನೆದರೆ ಯಾರಿಗಾದರೂ ಮೈ ಉರಿಯಬೇಕು. ಬೆಂಕಿ ಹಚ್ಚುವವರಿಗೆ ಪಾಠವಿಲ್ಲ. ಸುಟ್ಟುಕೊಂಡವರು ಬಸ್ಸು ಹತ್ತಿ ಹೋಗಿ, ಸರದಿಯಲ್ಲಿ ಕೂತು, ಉಸಿರಾಡುವುದನ್ನು ಕಲಿಯಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ಮಗಳು ಸ್ಫೂರ್ತಿ ಒಂದು ಬ್ಯಾಗು ಹಿಡಿದು ಬಂದಳು. ಅವಳನ್ನು ಶಿವಮೊಗ್ಗಕ್ಕೆ ಕೊಟ್ಟಿತ್ತು, ಗಂಡ ವಿಜಯೇಂದ್ರನದು ಹಾರ್ಡ್‌ವೇರ್ ಅಂಗಡಿ. ಅವಳ ಎಡ ಮುಂಗೈ ತುಂಬಾ ಬೊಬ್ಬೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಕುದಿಯುವ ಸಾರಿನ ಪಾತ್ರೆಯನ್ನೇ ತಳ್ಳಿದ್ದ. ಇದೇ ಮೊದಲಲ್ಲವಂತೆ. ಅಡುಗೆಮನೆಯಲ್ಲಿ ಔಷಧಿ ಹಚ್ಚುತ್ತಾ ಮಹಾಂತಮ್ಮ, ಇಷ್ಟು ದಿನ ಹೇಗೆ ಸಹಿಸಿದೆ ಎಂದು ಕೇಳಿದರು.

"ನೀನು ಮಾಡ್ತಿದ್ದ ಹಾಗೇ ಅಮ್ಮ. ಪೂಜೆಗೆ ಕೂರ್ತಿದ್ದೆ. ಈಗೀಗ ನಂದೂ ಉದ್ದ ಆಗಿದೆ. ನಮ್ಮತ್ತೆ ಎಲ್ಲರ ಹತ್ರ ಹೇಳ್ಕೊಂಡು ಬರ್ತಾರೆ, ಸೊಸೆಗೆ ತಾಯಿಯ ಭಕ್ತಿ ಬಂದಿದೆ ಅಂತ."

ಮಹಾಂತಮ್ಮನ ಕೈ ಅಲ್ಲೇ ನಿಂತಿತು. ಮಗಳಿಗೆ ಒಡವೆ ಕೊಟ್ಟಿದ್ದರು, ಪಾತ್ರೆ ಕೊಟ್ಟಿದ್ದರು. ಇದನ್ನೂ ಕೊಟ್ಟು ಕಳಿಸಿದ್ದೇನೆ ಎಂದು ಅವರಿಗೆ ತಿಳಿದಿರಲಿಲ್ಲ.

ಪರಮೇಶ್ವರಪ್ಪನವರಿಗೆ ಬೊಬ್ಬೆಗಿಂತ ಬ್ಯಾಗು ದೊಡ್ಡದಾಗಿ ಕಂಡಿತು. ಮಗಳು ತವರಿಗೆ ಬಂದು ಕೂತರೆ ಬೀದಿಯವರು ಏನಂದಾರು? ಮದುವೆ ಕುದುರಿಸಿದ್ದ, ಮಹಾಂತಮ್ಮನಿಗೆ ದೂರದಲ್ಲಿ ಅಣ್ಣನಾಗಬೇಕಾದ ಹಿರಿಯ ಧರ್ಮಪ್ಪನವರಿಗೆ ಹೇಳಿ ಕಳಿಸಿದರು, ಅಳಿಯನನ್ನೂ ಕರೆಸಿದರು. ಸೋಮವಾರ ಬೆಳಿಗ್ಗೆ ಕೂತು ಮಾತಾಡಿ, ಅಳಿಯ ತಂದ ಕಾರಿನಲ್ಲೇ ಮಗಳನ್ನು ವಾಪಸ್ಸು ಕಳಿಸುವುದು ಎಂದು ತೀರ್ಮಾನವಾಯಿತು. ಬೇಕೆಂದೇ ಹೆಂಡತಿಯ ಪೂಜೆಯ ಹೊತ್ತನ್ನು ಆರಿಸಿದ್ದರು. ಆಗ ಅವಳು ನಡುವೆ ಬಾಯಿ ಹಾಕುವಂತಿಲ್ಲ. ಕಾರ್ಖಾನೆಯಲ್ಲಿ ನೂರಾರು ಜನರನ್ನು ದುಡಿಸಿದ ತಲೆ, ಈ ಲೆಕ್ಕದಲ್ಲಿ ಒಂದನ್ನು ಮರೆತಿತ್ತು.

ಸೋಮವಾರ ಬಂತು. ಸ್ಫೂರ್ತಿಯ ಬ್ಯಾಗನ್ನು ಅಪ್ಪನೇ ಬಾಗಿಲ ಬಳಿ ತಂದಿಟ್ಟಿದ್ದರು. ದೇವರ ಕೋಣೆಯ ಬಾಗಿಲು ಗಂಡಸರು ಕೂತಿದ್ದ ಹಾಲಿಗೆ ಎದುರಾಗಿ ತೆರೆದಿತ್ತು. ಮಹಾಂತಮ್ಮ ಮಣೆಯ ಮೇಲೆ ಕೂತು ಲಿಂಗವನ್ನು ಅಂಗೈಗೆ ಇಳಿಸಿಕೊಂಡರು. ಹಾಲಿನ ಮಾತು ಒಂದೊಂದೂ ಕೇಳಿಸುತ್ತಿತ್ತು.

ವಿಜಯೇಂದ್ರ ಕೈ ಮುಗಿದುಕೊಂಡೇ ಮಾತಾಡುತ್ತಿದ್ದ. "ತಪ್ಪಾಗಿದೆ ಮಾವ. ಏನ್ ಮಾಡ್ಲಿ, ಸಿಟ್ಟು ಬಂದ್ರೆ ನನಗೆ ಮೈಮೇಲೆ ಜ್ಞಾನ ಇರಲ್ಲ. ತಡೆಯೋಕೇ ಆಗಲ್ಲ."

"ಅಯ್ಯೋ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎಂದರು ಧರ್ಮಪ್ಪ. "ಸ್ಫೂರ್ತಿ, ನಿಮ್ಮಮ್ಮನ್ನ ನೋಡಿ ಕಲಿಯಮ್ಮ. ನಿಮ್ಮಪ್ಪನ ಸಿಟ್ಟಿನ ಮುಂದೆ ನಿನ್ನ ಗಂಡಂದು ಯಾವ ಲೆಕ್ಕ? ಒಂದು ದಿನ ಎದುರಾಡಿದಾರಾ? ತಾಳಿದವನು ಬಾಳಿಯಾನು."

ಪರಮೇಶ್ವರಪ್ಪನವರು ಹೌದು ಭಾವ, ಹೌದು ಎಂದು ಬೆಣ್ಣೆಯಂಥ ದನಿಯಲ್ಲಿ ತಲೆಯಾಡಿಸಿದರು. ಸ್ಫೂರ್ತಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಉಂಡು ಮಲಗೋ ತನಕವಂತೆ! ಉಣ್ಣುವ ಸಾರು ಮೈಮೇಲೆ ಬಿದ್ದವಳ ಮುಂದೆ ಹೇಳುವ ಗಾದೆಯೇ ಅದು? ಮಹಾಂತಮ್ಮ ಲಿಂಗದ ಮೇಲೆ ಕಣ್ಣು ನೆಟ್ಟರು. ನನಗೆ ಸಿಟ್ಟು ಬಂದಿದೆ, ಎಂದುಕೊಂಡರು. ನನ್ನನ್ನು ತೋರಿಸಿ ನನ್ನ ಮಗಳನ್ನು ಬೇಯಲು ಕಳಿಸುತ್ತಿದ್ದಾರೆ, ಅದಕ್ಕೆ ಬಂದಿದೆ. ಉಸಿರು ನಿಧಾನವಾಯಿತು.

ಅಷ್ಟರಲ್ಲಿ ಹಾಲಿನಲ್ಲಿ ಒಂದು ಸಣ್ಣ ಗಡಿಬಿಡಿ. ಧರ್ಮಪ್ಪನವರ ಕೈ ತಾಗಿ ಕಾಫಿಯ ಲೋಟ ವಿಜಯೇಂದ್ರನ ತೊಡೆಯ ಮೇಲೆ ಮಗುಚಿತು. ಆಗ ತಾನೇ ತಂದಿಟ್ಟ ಕಾಫಿ, ಹಬೆ ಏಳುತ್ತಿತ್ತು. ಅವನು ಚಂಗನೆ ಎದ್ದ. ಬಿಳಿ ಪ್ಯಾಂಟೆಲ್ಲ ಕಂದು ಬಣ್ಣ. ಮುಖ ಕೆಂಪಾಯಿತು, ಹಲ್ಲು ಕಚ್ಚಿದ. ಮರುಕ್ಷಣ ನಕ್ಕುಬಿಟ್ಟ.

"ಪರವಾಗಿಲ್ಲ ಬಿಡಿ ಯಜಮಾನ್ರೇ, ಅಂಥ ಬಿಸಿ ಏನಿರ್ಲಿಲ್ಲ."

ಮಹಾಂತಮ್ಮ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಎದ್ದು ಬಂದು ಹೊಸ್ತಿಲಲ್ಲಿ ನಿಂತರು. ಲಿಂಗ ಕಂಡು ಧರ್ಮಪ್ಪನವರು ತಟ್ಟನೆ ಎದ್ದು ನಿಂತರು. ಎಲ್ಲರೂ ಎದ್ದರು. ಪರಮೇಶ್ವರಪ್ಪನವರ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಲಿಂಗ ಹಿಡಿದವರನ್ನು ಗದರಿದ ಪಾಪವನ್ನು, ಅದೂ ಹಿರಿಯರ ಎದುರಿಗೆ, ಯಾರು ಕಟ್ಟಿಕೊಳ್ಳುತ್ತಾರೆ?

"ಅಳಿಯಂದ್ರೇ, ಸಿಟ್ಟು ತಡೆಯೋಕೇ ಆಗಲ್ಲ ಅಂದ್ರಿ. ಈಗ ಹೇಗೆ ತಡೆದ್ರಿ?" ದನಿ ಎತ್ತರಿಸಿರಲಿಲ್ಲ. "ಅಣ್ಣನೋರು ಚೆಲ್ಲಿದ್ದು ಬಿಸಿ ಕಾಫಿ. ನನ್ನ ಮಗಳು ಹಾಕಿದ್ದು ಒಂಚೂರು ಉಪ್ಪು. ಅಂಗಡಿಗೆ ಬಂದು ಗಿರಾಕಿ ಬೈದ್ರೆ ಅವನ ಮೇಲೆ ಸಾರು ಚೆಲ್ತೀರಾ? ಇಲ್ಲ. ತಡೆಯೋಕೆ ಬರುತ್ತೆ ನಿಮಗೆ, ಚೆನ್ನಾಗೇ ಬರುತ್ತೆ. ಮನೆಯೋಳ ಹತ್ರ ಯಾಕೆ ತಡೀಬೇಕು ಅನ್ನೋದು ಅಷ್ಟೇ."

ವಿಜಯೇಂದ್ರ ಪ್ಯಾಂಟು ಒರೆಸಿಕೊಳ್ಳುವುದರಲ್ಲಿ ಮಗ್ನನಾದ.

"ಅಣ್ಣ, ನೀವು ನನ್ನನ್ನ ತೋರಿಸಿ ಇವಳಿಗೆ ಬುದ್ಧಿ ಹೇಳಿದ್ರಿ. ಲಿಂಗ ಕೈಯಲ್ಲಿದೆ, ಸುಳ್ಳು ಹೇಳಲ್ಲ. ನಾನು ತಾಳ್ಮೆಯಿಂದ ಇದ್ದೋಳಲ್ಲ. ತಟ್ಟೆ ಬೀಸಿದಾಗೆಲ್ಲ ನನಗೆ ಸಿಟ್ಟು ಬಂದಿತ್ತು. ನಮ್ಮವ್ವ ಸಾಯೋ ಮುಂಚೆ ಹೋಗೋಕೆ ಬಿಡ್ಲಿಲ್ಲವಲ್ಲ, ಆವತ್ತಿನ ಸಿಟ್ಟು ಇನ್ನೂ ಇದೆ. ನೀವೆಲ್ಲ ಕೈ ಮುಗಿದ್ರಲ್ಲ ನನ್ನ ಪೂಜೆಗೆ, ಅದರಲ್ಲಿ ಅರ್ಧ ಸಿಟ್ಟೇ. ಅದನ್ನ ನೋಡಿ ನನ್ನ ಮಗಳು ಕಲಿತಳು. ಇನ್ನು ಕಲಿಯೋದು ಬೇಡ. ಇವಳು ಇವತ್ತು ಹೋಗಲ್ಲ. ಅಳಿಯಂದ್ರು ಶಿವಮೊಗ್ಗದ ಕ್ಲಿನಿಕ್ಕಲ್ಲಿರೋ ಆ ಹುಡುಗಿ ಸೌಂದರ್ಯನ ಹತ್ರ ಹೋಗಿ ಕೂತು, ಸಿಟ್ಟಿನ ವಿಷಯ ಏನು ಅಂತ ಕಲ್ತು ಬರಲಿ. ಆಮೇಲೂ ಹೋಗೋದು ಬಿಡೋದು ಇವಳಿಷ್ಟ."

ಧರ್ಮಪ್ಪನವರು ಸ್ಫೂರ್ತಿಯ ಮುಂಗೈ ನೋಡಿದರು. ಆಗಲೇ ನೋಡಬಹುದಿತ್ತು, ನೋಡಿರಲಿಲ್ಲ. ಸ್ಫೂರ್ತಿ ಹೋಗಿ ಬಾಗಿಲ ಬಳಿಯ ಬ್ಯಾಗನ್ನು ಎತ್ತಿಕೊಂಡು ಒಳಗೆ ನಡೆದಳು.

ಮಹಾಂತಮ್ಮ ಕೋಣೆಗೆ ಹಿಂತಿರುಗಿ, ಅವಸರ ಮಾಡದೆ ಪೂಜೆ ಮುಗಿಸಿದರು. ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ಸೆರಗು ಸರಿಪಡಿಸಿಕೊಂಡು ಹೊರಬಂದು, ಗಂಡಸರು ಕೂತಾಗ ಎಂದೂ ಕೂರದ ಹಾಲಿನ ಸೋಫಾದ ಮೇಲೆ ಕೂತರು. ಗಂಡನ ಮುಖ ಉಬ್ಬಿ ಕಪ್ಪಾಗಿತ್ತು. ಈಗ ಅಡ್ಡಿಯೇನೂ ಇರಲಿಲ್ಲ.

"ನನ್ನ ಪೂಜೆ ಮುಗೀತು ಕಣ್ರೀ. ಏನು ಕೂಗ್ಬೇಕೋ ಈಗ ಕೂಗಿ. ಅಣ್ಣನೋರೂ ಕೇಳಲಿ, ಅಳಿಯಂದ್ರೂ ಕೇಳಲಿ."

ಪರಮೇಶ್ವರಪ್ಪನವರು ಧರ್ಮಪ್ಪನವರನ್ನು ನೋಡಿದರು, ಅಳಿಯನನ್ನು ನೋಡಿದರು. ಅಂಗಿಯ ಗುಂಡಿ ಮುಟ್ಟಿಕೊಂಡರು. ಆಮೇಲೆ ಮೆತ್ತಗೆ, ತೀರಾ ಮೆತ್ತಗೆ, "ಕೂಗೋದೇನಿದೆ ಮಹಾಂತಮ್ಮ? ಕಾಫಿ ಕುಡಿ," ಎಂದರು.

ಮಹಾಂತಮ್ಮನಿಗೆ ಸಂತೋಷವಾಗಲಿಲ್ಲ. ಅಲ್ಲಿಯವರೆಗೆ ಬಂದ ಸಿಟ್ಟೆಲ್ಲ ಒಂದು ತೂಕ, ಆ ಕ್ಷಣ ಬಂದದ್ದೇ ಒಂದು ತೂಕ. ಅದನ್ನು ಅವರು ಪೂಜೆಯವರೆಗೆ ಕಾಯಿಸಲಿಲ್ಲ.

"ಇಷ್ಟು ಮೆತ್ತಗಿನ ದನಿ ಇತ್ತಾ ನಿಮ್ಮ ಹತ್ರ?" ಎಂದು ಎಲ್ಲರ ಮುಂದೆ ಕೇಳಿದರು. "ನನಗೆ ಯಾಕೆ ಕೊಡ್ಲಿಲ್ಲ?"