ಸೀಮೆಎಣ್ಣೆಯ ಜಾಡಿ

ಇಲ್ಲದ್ದನ್ನು ಕಂಡೆ, ಕೇಳಿದೆ ಎನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಹಾಲು ಕೆಟ್ಟಿದ್ದನ್ನು ಬಾಗಿಲಲ್ಲೇ ಪತ್ತೆ ಹಚ್ಚುವ ಮೂಗು ನನ್ನದು. ಅದರ ಮೇಲೆ ಕೊಂಚ ಜಂಬವೂ ಇತ್ತೆನ್ನಿ. ಅದು ಇಳಿದದ್ದು ನಮ್ಮ ತುಮಕೂರಿನ ಮನೆಯಲ್ಲೇ.

ಗುಬ್ಬಿಯಲ್ಲಿರುವ ಅತ್ತೆಯ ತಂಗಿ ಉಪ್ಪಿನಕಾಯಿಗೆಂದು ಹಳೆಯ ಪಿಂಗಾಣಿ ಜಾಡಿ ಕೊಟ್ಟಿದ್ದರು. ಹಿಂದೆ ರೇಷನ್ ಸೀಮೆಎಣ್ಣೆ ತಂದಾಗ ಅದರಲ್ಲೇ ಸುರಿದಿಟ್ಟಿದ್ದರಂತೆ, ಪುಣ್ಯಾತ್ಗಿತ್ತಿ! ಬೂದಿ, ಹುಣಸೆಹಣ್ಣು, ಬಿಸಿಲು ಎಲ್ಲ ಆಯಿತು. ಕೊನೆಗೆ ಕೆಂಡಕ್ಕೆ ಇಂಗು ಉದುರಿಸಿ, ಜಾಡಿ ಬೋರಲು ಹಾಕಿ ಹೊಗೆ ಕೊಟ್ಟೆ. ವಾಸನೆ ಪೂರ್ತಿ ಹೋಯಿತು. ನಮ್ಮ ಯಜಮಾನರೂ ಮೂಸಿ ಒಪ್ಪಿದರು.

ಆದರೆ ಅತ್ತೆ, "ಇನ್ನೂ ಸೀಮೆಎಣ್ಣೆ ವಾಸ್ನೆ ಹೊಡೀತೈತಲ್ಲೇ" ಎಂದರು.

ಹಿಂದಿನ ವರ್ಷದ ಜ್ವರದಲ್ಲಿ ಅತ್ತೆಗೆ ವಾಸನೆಯ ಶಕ್ತಿಯೇ ಹೋಗಿತ್ತು. ತಿಂದದ್ದೆಲ್ಲ ಮಣ್ಣು ಎಂದು ತಟ್ಟೆ ತಳ್ಳಿ ತಳ್ಳಿ ಕಡ್ಡಿಯಾಗಿದ್ದರು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರು ಹೇಳಿದ್ದರು. ನಂಬಲಾಗದೆ ಅತ್ತೆಯ ಕಣ್ಣು ಮುಚ್ಚಿಸಿ, ಅಂಥದೇ ಇನ್ನೊಂದು ಜಾಡಿ ಪಕ್ಕದಲ್ಲಿಟ್ಟು ನೋಡಿದೆ. ಎಷ್ಟು ಅದಲುಬದಲು ಮಾಡಿದರೂ ಅದನ್ನೇ ಗುರುತಿಸಿದರು.

ಅವತ್ತಿನಿಂದ ಅತ್ತೆ ಊಟಕ್ಕೆ ಕೂತರೆ ಜಾಡಿ ಪಕ್ಕದಲ್ಲಿರಬೇಕು. ಒಮ್ಮೆ ಮೂಸುವುದು, ಒಂದು ತುತ್ತು ಮುದ್ದೆ ನುಂಗುವುದು. ಮುಖದಲ್ಲಿ ಕಳೆ ಬಂತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ, ಭಯವಾಯಿತು. ಕೆಲಸದ ನಡುವೆ ಹೋಗಿ ಹೋಗಿ ಜಾಡಿ ಮೂಸುತ್ತಿದ್ದೆ. ಇಂಗು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಜಾಡಿಗೆ ಮೂಗಿಟ್ಟು ಬಹಳ ಹೊತ್ತು ಕೂತರು. "ಹೋಯ್ತು ಕಣೇ. ತಿಕ್ಕಿ ತಿಕ್ಕಿ ಕಳ್ದೇ ಬುಟ್ಟೆ" ಎಂದು ತಟ್ಟೆ ಸರಿಸಿದರು.

ಮತ್ತೆ ಸೀಮೆಎಣ್ಣೆಯನ್ನೇ ಸುರಿಯೋಣವೆಂದರೆ ಈಗ ಅದು ಎಲ್ಲಿ ಸಿಗುತ್ತದೆ? ಯಜಮಾನರು ಬೈಕಿನಲ್ಲಿ ಗುಬ್ಬಿಗೆ ಹೋಗಿ, ಅವರ ಚಿಕ್ಕಮ್ಮನ ಹಿತ್ತಲಲ್ಲಿ ಉಳಿದಿದ್ದ ಒಂದಿಷ್ಟನ್ನು ಬಾಟಲಿಯಲ್ಲಿ ತಂದರು. ಅಷ್ಟು ಕಷ್ಟಪಟ್ಟು ತೊಳೆದ ಜಾಡಿಗೆ ನಾನೇ ಸುರಿದೆ. ವಾಸನೆ ಮನೆಯೆಲ್ಲ ತುಂಬಿತು. ನನಗೆ ತಲೆ ಸಿಡಿಯತೊಡಗಿತು.

ಅತ್ತೆ ಬಗ್ಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ ಮಗುವಿನ ಹಾಗೆ ನನ್ನ ಮುಖ ನೋಡಿದರು.

"ಏನೂ ಇಲ್ವಲ್ಲೇ ಇದ್ರಾಗೆ."

ಈಗ ನಾನೇ ತುತ್ತು ಮಾಡಿ ಕೊಡುತ್ತೇನೆ, ಔಷಧಿಯಂತೆ ನುಂಗುತ್ತಾರೆ. ಅಷ್ಟು ದಿನ ಅವರ ಮೂಗಿಗೆ ಬಂದದ್ದೇನು? ಅದನ್ನು ತೆಗೆದದ್ದು ನಾನೇನಾ? ನನಗೆ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯವೂ ಇಲ್ಲ.